ಮುಟ್ಟುವ ಮೊದಲೇ ಹೂಂ

ಮಲ್ಲಂದೂರಿನ ದೇವರಾಜಗೌಡರಿಗೆ ತಮ್ಮ ತೋಟಕ್ಕಿಂತ ತಮ್ಮ ಅಂಗಾಲಿನ ಮೇಲೆ ಅಭಿಮಾನ ಜಾಸ್ತಿ. ಕಣದಲ್ಲಿ ಹರವಿದ ಕಾಫಿಯ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕಿ, ‘ಇನ್ನೊಂದು ಬಿಸಿಲು ಬೇಕು’ ಎಂದು ತೀರ್ಪಿತ್ತರೆ ಮುಗಿಯಿತು, ತೋಟದ ಲೆಕ್ಕ ಬರೆಯುವ ರೈಟರ್ ಗುರುವಯ್ಯ ತೆಪ್ಪಗೆ ಚೀಲ ಮಡಚಿಡಬೇಕು. ಸಕ್ಕರೆ ಕಾಯಿಲೆ ಬಂದು ವರ್ಷಗಳಾದರೂ ಈ ಪಾದಗಳ ಸರ್ವಾಧಿಕಾರಕ್ಕೆ ಧಕ್ಕೆ ಬಂದಿರಲಿಲ್ಲ.

ಬಂದದ್ದು ಮೊನ್ನೆ. ಮಟಮಟ ಮಧ್ಯಾಹ್ನ ಕಾದ ಸಿಮೆಂಟಿನ ಕಣ ಸುತ್ತಿ ಬಂದವರ ಅಂಗಾಲಲ್ಲಿ ಹೆಂಡತಿ ಸರ್ವಮಂಗಳಾ ಹಪ್ಪಳದಂಥ ಬೊಬ್ಬೆ ಕಂಡರು.

“ಅಲ್ಲಾರೀ, ಇಷ್ಟು ದೊಡ್ಡ ಬೊಬ್ಬೆ ನಿಮಗೆ ಗೊತ್ತೇ ಆಗ್ಲಿಲ್ವಾ?”

“ಗೊತ್ತಾಯ್ತು ಮಾರಾಯ್ತಿ, ಹೇಳ್ಲಿಲ್ಲ ಅಷ್ಟೆ.”

“ಸಾರಿಗೆ ಉಪ್ಪು ಕಮ್ಮಿ ಆದ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳ್ತೀರಿ. ನಡೀರಿ ಡಾಕ್ಟ್ರ ಹತ್ರ.”

ಜೀಪಿನಲ್ಲಿ ಚಿಕ್ಕಮಗಳೂರಿಗೆ ಇಳಿಯುವಾಗ ಗೌಡರಿಗೆ ನಿಜವಾಗಿ ದಿಗಿಲಾಯಿತು. ಕಾಲು ಫೇಲಾದರೆ ಇನ್ನು ಯಾವ ಮುಖ ಹೊತ್ತು ಕಣಕ್ಕಿಳಿಯುವುದು?

ಡಾಕ್ಟರ್ ಕೃತಿಕಾ ಒಂದು ನೈಲಾನ್ ದಾರ ತೋರಿಸಿದರು. “ಕಣ್ಮುಚ್ಚಿ ಮಲಗಿ ಸರ್. ಇದು ಅಂಗಾಲಿಗೆ ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ.”

ಗೌಡರು ಕಣ್ಮುಚ್ಚಿದರು. ಏನೂ ಗೊತ್ತಾಗಲಿಲ್ಲ. ಆದರೆ ಘಟಾನುಘಟಿ ಕಾಫಿ ವ್ಯಾಪಾರಿಗಳಿಗೇ ನೀರು ಕುಡಿಸಿದ ಮಹಾನುಭಾವರು ಯಃಕಶ್ಚಿತ್ ಒಂದು ದಾರಕ್ಕೆ ಸೋಲುವುದುಂಟೆ? ಸ್ವಲ್ಪ ಹೊತ್ತು ಬಿಟ್ಟು “ಹೂಂ” ಎಂದರು. ಇನ್ನೂ ಸ್ವಲ್ಪ ಬಿಟ್ಟು, “ಹೂಂ, ಇದು ಸ್ವಲ್ಪ ಚುಚ್ತು” ಎಂದರು. (ನಂಬಿಕೆ ಬರಲೆಂದು ಮುಖವನ್ನೂ ಕಿವುಚಿದರು.)

“ಸರ್, ನಾನಿನ್ನೂ ಕೈ ತೊಳೀತಾ ಇದೀನಿ” ಎಂದರು ಡಾಕ್ಟರು, ಮೂಲೆಯ ನಲ್ಲಿಯ ಹತ್ತಿರದಿಂದ.

ಆಮೇಲೆ ನಡೆದದ್ದು ನಿಜವಾದ ಪರೀಕ್ಷೆ. ದಾರ ಪಾದವನ್ನೆಲ್ಲ ಮುಟ್ಟಿ ಬಂದರೂ ಗೌಡರ ಬಾಯಿಂದ ಒಂದೂ ಹೂಂ ಹೊರಡಲಿಲ್ಲ.

“ಕಾಲಿನ ನರ ಮಂಕಾಗಿದೆ ಸರ್. ಇನ್ನು ಬರಿಗಾಲಲ್ಲಿ ಓಡಾಡೋದು ಬೇಡ. ದಿನಾ ಅಂಗಾಲು ನೋಡ್ಕೊಳ್ಳಿ. ಬಗ್ಗೋಕೆ ಆಗ್ದಿದ್ರೆ ಅಮ್ಮಾವ್ರು ನೋಡ್ಲಿ.”

ವಾಪಸು ಬರುವಾಗ ಸರ್ವಮಂಗಳಾ ಏನೋ ಹೇಳುತ್ತಲೇ ಇದ್ದರು. ಗೌಡರು ಕಿಟಕಿಯಾಚೆ ನೋಡುತ್ತ, ಕಳೆದುಹೋದ ತಮ್ಮ ಅಂಗಾಲುಗಳಿಗಾಗಿ ಒಳಗೊಳಗೇ ಅಳುತ್ತಿದ್ದರು. ಆದರೂ ಹೆಂಡತಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ, ಮದುವೆಯಾದಂದಿನಿಂದ ನಡೆಸಿಕೊಂಡು ಬಂದ ಪದ್ಧತಿಯಂತೆ, ಒಂದೊಂದು ಹೂಂ ಹಾಕುವುದನ್ನು ಮರೆಯಲಿಲ್ಲ.

ತೋಟದ ಗೇಟು ಕಂಡಾಗ ಸರ್ವಮಂಗಳಾ ಫೋನ್ ಕಿವಿಗಿಟ್ಟರು.

“ಗುರುವಯ್ಯ, ನಾಳೆಯಿಂದ ಕಣದ ವಿಷಯ ಏನಿದ್ರೂ ನನ್ನ ಕೇಳಿ. ಯಜಮಾನ್ರನ್ನ ದಾರಿ ಉದ್ದಕ್ಕೂ ಕೇಳಿ ಕೇಳಿ ಖಾತ್ರಿ ಮಾಡ್ಕೊಂಡಿದೀನಿ. ಪ್ರತಿ ಸಲಾನೂ ಹೂಂ ಅಂದ್ರು.”