ಕನ್ನಡಕದಂಗಡಿಯವನ ಬಂಧನಯೋಗ

ಷಡ್ಡಕನನ್ನು ಪೊಲೀಸರು ಹಿಡಿದಿಟ್ಟದ್ದು ಎರಡೇ ಗಂಟೆ. ಕನ್ನಡಕದಂಗಡಿಯವನ ಮನೆಯಲ್ಲಿ ಮಾತ್ರ ಆ ಎರಡು ಗಂಟೆ ಎರಡು ವಾರವಾದರೂ ಮುಗಿದಿರಲಿಲ್ಲ.

"ಭಾವನ ಧೈರ್ಯ ನೋಡಿ! ಹೆರಿಗೆ ಆಸ್ಪತ್ರೆ ಮುಚ್ಚಬೇಡಿ ಅಂತ ರಸ್ತೇಲಿ ಕೂತರು. ನಾಲ್ಕು ಜನ ಎತ್ತಿಕೊಂಡು ಹೋದರೂ ತಿರುಗಿ ಕೈ ಮಾಡಲಿಲ್ಲ," ಎಂದಳು ಹೆಂಡತಿ, ಬೆಳಗಿನ ಕಾಫಿ ಕುಕ್ಕುತ್ತ. "ನೀವೋ, ಹಲ್ಲಿ ಬಂದರೂ ನನ್ನನ್ನೇ ಕೂಗ್ತೀರ."

ಡ್ರಾಯಿಂಗ್ ಮೇಷ್ಟ್ರಾದ ಆ ಷಡ್ಡಕನ ಸುದ್ದಿ ಬಂದರೆ ಇವನ ಹೊಟ್ಟೆಯಲ್ಲಿ ಹಸಿ ಸೌದೆ ಹೊತ್ತಿದ ಹಾಗೆ ಹೊಗೆ.

"ಇವತ್ತೂ ಧರಣಿ ಇದೆಯಲ್ಲ? ನಾನೂ ಜೈಲಿಗೆ ಹೋಗ್ತೀನಿ!"

ಇಸ್ತ್ರಿ ಅಂಗಿ ತೊಟ್ಟು, ಬೀದಿಯ ಮನೆಮನೆಗೂ ಹೇಳಿಕೊಂಡು ಹೊರಟ. "ಒಳಗೆ ಸೊಳ್ಳೆ ಜಾಸ್ತಿಯಂತೆ," ಎಂದು ಎದುರುಮನೆ ಟೈಲರಮ್ಮ ಹೊದಿಕೆ ಕೊಟ್ಟಳು. ಈ ಬೀಳ್ಕೊಡುಗೆಯೆಲ್ಲ ಮುಗಿದು ಅವನು ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಧರಣಿಯವರನ್ನೆಲ್ಲ ಮೂಟೆಗಳಂತೆ ವ್ಯಾನಿಗೆ ತುಂಬಿಯಾಗಿತ್ತು.

ಧಡಕ್ಕನೆ ರಸ್ತೆಯಲ್ಲಿ ಕೂತ. "ನನ್ನನ್ನೂ ಹಿಡೀರಿ!"

"ಜಾಗ ಇಲ್ಲ, ಏಳಿ ಸ್ವಾಮಿ," ಎಂದರು ಇನ್ಸ್‌ಪೆಕ್ಟರ್.

"ಒತ್ತರಿಸಿಕೊಂಡು ಕೂರ್ತೀನಿ!" ಎಂದು ವ್ಯಾನಿನ ಬಾಗಿಲಿಗೆ ಜೋತುಬಿದ್ದ.

ಜಾಲರಿಯ ಹಿಂದಿನಿಂದ ಷಡ್ಡಕ, "ತಮ್ಮಾ, ಎಳೆದಾಡಬೇಡ. ಇದು ಸತ್ಯಾಗ್ರಹ. ನಿಂಗಿನ್ನೂ ಅಭ್ಯಾಸ ಸಾಲದು," ಎಂದು ಮುಗುಳ್ನಕ್ಕ. ಕಿಟಕಿ ಪಕ್ಕದ ಸೀಟು ಬೇರೆ ಹಿಡಿದಿದ್ದಾನೆ! ಇವನ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ವ್ಯಾನ್ ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು.

"ಒಂದ್ ಕೈ ಹಾಕಿ ತಳ್ಳಿ ಸ್ವಾಮಿ," ಎಂದರು ಇನ್ಸ್‌ಪೆಕ್ಟರ್. "ಹೊರಟರೆ ನಿಮಗೂ ಏನಾದರೂ ವ್ಯವಸ್ಥೆ ಮಾಡೋಣ."

ಹೊದಿಕೆಯನ್ನು ಸೊಂಟಕ್ಕೆ ಬಿಗಿದು, ಏದುಸಿರು ಬಿಡುತ್ತ ಇಳಿಜಾರಿನವರೆಗೂ ತಳ್ಳಿದ. ವ್ಯಾನ್ ಗುರ್ರೆಂದು ಅವನ ಮುಖಕ್ಕೆ ಹೊಗೆ ಉಗುಳಿ, ನಿಲ್ಲದೆ ಹೊರಟೇಹೋಯಿತು.

ಯಾವ ಮುಖ ಹೊತ್ತು ಮನೆಗೆ ಹೋಗುವುದು? ದಿನವೆಲ್ಲ ಅಂಗಡಿಯೊಳಗೆ ಬಾಗಿಲು ಹಾಕಿಕೊಂಡಿದ್ದು, ಸಂಜೆ ಮೆಲ್ಲಗೆ ಬಂದ. ನೋಡಿದರೆ ಬಾಗಿಲಲ್ಲೇ ಪೊಲೀಸ್ ಜೀಪು! ಬೀದಿಗೆ ಬೀದಿಯೇ ನೆರೆದಿತ್ತು. ಆಗಲೇ ಬಿಡುಗಡೆಯಾಗಿದ್ದ ಷಡ್ಡಕನೂ ಬಂದಿದ್ದ.

"ನಿಮ್ಮನ್ನೇ ಹುಡುಕಿಕೊಂಡು ಬಂದಿದಾರೆ ರೀ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. ಅವಳ ದನಿಯಲ್ಲಿ ಅಷ್ಟು ಮರ್ಯಾದೆಯನ್ನು ಅವನು ಮದುವೆಯಾದಂದಿನಿಂದ ಕೇಳಿರಲಿಲ್ಲ.

ಷಡ್ಡಕನತ್ತ ಒಂದು ನೋಟ ಬೀರಿ, ಎದೆಯುಬ್ಬಿಸಿ, ಬೇಡಿಗಾಗಿ ಎರಡೂ ಕೈ ಚಾಚಿದ.

ಇನ್ಸ್‌ಪೆಕ್ಟರ್ ಆ ಎರಡೂ ಕೈಗಳನ್ನು ಹಿಡಿದು ಗಟ್ಟಿಯಾಗಿ ಕುಲುಕಿದರು. "ನಾಗರಿಕ ಅಂದರೆ ಹೀಗಿರಬೇಕು! ಇವರು ವ್ಯಾನ್ ತಳ್ಳದಿದ್ದರೆ ಆ ಧರಣಿಯವರನ್ನ ಸ್ಟೇಷನ್ನಿಗೆ ಸಾಗಿಸೋಕೇ ಆಗ್ತಿರಲಿಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಬೆನ್ನು ತಟ್ಟಿ, ಜೀಪು ಹತ್ತಿದರು.

ಜೀಪು ಮರೆಯಾದದ್ದೇ ಟೈಲರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನತ್ತ ನುಗ್ಗಿದಳು.

"ಯಾರೂ ಕೈ ಮಾಡಬೇಡಿ," ಎಂದ ಷಡ್ಡಕ, ಶಾಂತವಾಗಿ. "ಇಲ್ಲೇ ಇವನ ಬಾಗಿಲ ಮುಂದೆ ಧರಣಿ ಕೂರೋಣ."

ಬೀದಿಯವರೆಲ್ಲ ಕೂತರು. ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ಮುಂಚೆ ಕೂತವಳು ಅವನ ಹೆಂಡತಿ.