ಅಧ್ಯಕ್ಷರ ಹೆಂಡತಿಯ ಅಧಿಕಾರಾವಧಿ

ಗಂಡ ಕನ್ನಡ ಸಂಘದ ಅಧ್ಯಕ್ಷನಾಗುವಾಗ ಹೆಂಡತಿಗೆ ಯಾರೂ ಮತ ಹಾಕಿರುವುದಿಲ್ಲ, ಆದರೂ ಅವಳು ಗೆದ್ದಿರುತ್ತಾಳೆ. ಮಸ್ಕತ್ತಿನಲ್ಲಿ ನಮ್ಮವರು ಅಧ್ಯಕ್ಷರಾಗಿದ್ದಷ್ಟು ಕಾಲ ನನಗೆ ಒಂದಲ್ಲ ಒಂದು ಪಜೀತಿ ಆಗುತ್ತಲೇ ಇತ್ತು.

ದೂರು ವಿಭಾಗ

ಇವರು ಫೋನ್ ಎತ್ತುವವರಲ್ಲ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಸಂಘದ ಕರೆಗಳೆಲ್ಲ ನನಗೇ ಬರುತ್ತಿದ್ದವು. ನಾನು ಇಲ್ಲಿನ ರೂವಿ ಪೇಟೆಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮ್ ನೋಡುವವಳು. ಒಂದು ದಿನ ಗಿರಾಕಿ ಎದುರಿಗೇ ಕೂತಿರುವಾಗ ಪಕ್ಕದ ಹಮ್ರಿಯಾ ಬಡಾವಣೆಯಿಂದ ಒಬ್ಬ ಹೆಂಗಸಿನ ಫೋನು.

"ಅಕ್ಕಾ, ನಮ್ಮ ಯಜಮಾನ್ರು ಶುಕ್ರವಾರ ರಜೆ ಅಂತ ಇಡೀ ದಿನ ಮಲಗಿಯೇ ಇರ್ತಾರೆ. ಸಂಘದಿಂದ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?"

"ಆಗುವ ಹಾಗಿದ್ರೆ ಮೊದಲು ಅಧ್ಯಕ್ಷರನ್ನೇ ಎಬ್ಬಿಸ್ತಿದ್ದೆ ಮಾರಾಯ್ರೆ!"

ಇತಿಹಾಸ ಪಾಠ

ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟು ಕೊಟ್ಟಿದ್ದರು: ಹತ್ತೊಂಬತ್ತನೇ ಶತಮಾನದ ಅಮೆರಿಕದ ಅಧ್ಯಕ್ಷರೊಬ್ಬರ ಹೆಂಡತಿಯ ಜೀವನ. ನಾನು ಸಂಘದ ಊಟಕ್ಕೆಂದು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಅವಳು ಓದಿ ಓದಿ ಹೇಳುತ್ತಿದ್ದಳು.

"ಅಮ್ಮಾ, ಬಂದ ಗೆಸ್ಟ್ಸ್ ಎಲ್ಲರ ಕೈ ಕುಲುಕಬೇಕಿತ್ತಂತೆ. ಒಳ್ಳೆ ಬಟ್ಟೆ ಹಾಕಿದ್ರೆ ದುಂದು ಅಂತಿದ್ರಂತೆ, ಸಾದಾ ಹಾಕಿದ್ರೆ ಮರ್ಯಾದೆ ಹೋಯ್ತು ಅಂತಿದ್ರಂತೆ. ಸೋ ಸ್ಯಾಡ್!"

"ಸಂಬಳ ಇತ್ತಾ?"

"ನೋ ಸ್ಯಾಲರಿ."

"ಅಡುಗೆ ಯಾರು ಮಾಡ್ತಿದ್ದದ್ದು?"

"ಕುಕ್ಸ್ ಇದ್ರು."

ನಾನು ಚಾಕು ಕೆಳಗಿಟ್ಟೆ. "ಹಾಗಾದ್ರೆ ಅವಳಿಗೆ ಎಂತ ಕಷ್ಟ? ಟೀಚರಿಗೆ ಹೇಳಿ ಬೇರೆ ಯಾರನ್ನಾದ್ರೂ ತಗೋ."

ಸಂಘಟನಾ ಶಕ್ತಿ

ರಾಜ್ಯೋತ್ಸವಕ್ಕೆ ಊರಿನಿಂದ ಮುಖ್ಯ ಅತಿಥಿಗಳು ಬಂದರು. ಅವರಿಗೆ ಹೋಟೆಲ್ ಊಟ ಆಗುವುದಿಲ್ಲ ಎಂದು ಇವರು ನನ್ನನ್ನು ಒಂದು ಮಾತೂ ಕೇಳದೆ ನಮ್ಮ ಫ್ಲಾಟಿಗೇ ಕರೆದುಕೊಂಡು ಬಂದರು. ಅವರು ಇದ್ದಷ್ಟು ದಿನ ಬೆಳಿಗ್ಗೆ ನೀರುದೋಸೆ, ಸಂಜೆ ಪತ್ರೊಡೆ, ನಡುವೆ ನನ್ನ ಆಫೀಸು. ಪತ್ರೊಡೆಗೆ ಬೇಕಾದ ಕೆಸುವಿನ ಎಲೆಗಾಗಿ ರೂವಿಯ ತರಕಾರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದೆ.

ವೇದಿಕೆಯ ಮೇಲೆ ಅತಿಥಿಗಳು ಮೈಕು ಹಿಡಿದರು. "ಈ ಮರುಭೂಮಿಯಲ್ಲಿ ನನಗೆ ನಮ್ಮೂರಿನ ಪತ್ರೊಡೆ ಸಿಕ್ಕಿತು! ಇದಕ್ಕೆ ಕಾರಣ ಒಂದೇ. ನಿಮ್ಮ ಅಧ್ಯಕ್ಷರ ಸಂಘಟನಾ ಶಕ್ತಿ!"

ಸಭೆಯೆಲ್ಲ ಚಪ್ಪಾಳೆ. ಇವರು ಎದ್ದು ನಿಂತು ಕೈಮುಗಿದರು. ಕೆಸು ಯಾವುದು, ಬಸಳೆ ಯಾವುದು ಎಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಅಧ್ಯಕ್ಷೀಯ ಭಾಷಣ

ಇವರ ಭಾಷಣ ಯಾವತ್ತೂ ಸಂಘದ ಹುಟ್ಟಿನಿಂದ ಶುರುವಾಗಿ ಊಟ ಆರುವವರೆಗೆ ನಡೆಯುತ್ತದೆ. ಒಮ್ಮೆ ಸಂಘದ ಕುಟುಂಬ ಕೂಟದ ದಿನ ಆಫೀಸ್ ಕೆಲಸಕ್ಕೆ ದೂರದ ಸಲಾಲಾ ಊರಿಗೆ ಹೋದವರು ಅಲ್ಲಿನ ಮಳೆಗಾಲದ ಮಂಜಿನಿಂದಾಗಿ ವಿಮಾನ ತಡವಾಗಿ ಅಲ್ಲೇ ಉಳಿದರು. ಕಾರ್ಯದರ್ಶಿ ಓಡಿ ಬಂದು ನನ್ನ ಕೈಗೆ ಮೈಕು ತುರುಕಿದರು. "ಅಕ್ಕಾ, ಅಧ್ಯಕ್ಷರ ಪರವಾಗಿ ನೀವೇ ಎರಡು ಮಾತು!"

"ಎಲ್ಲರಿಗೂ ನಮಸ್ಕಾರ. ಊಟ ಬಿಸಿಬಿಸಿ ಉಂಟು. ಮೊದಲು ಮಕ್ಕಳು, ಆಮೇಲೆ ದೊಡ್ಡವರು. ಯಲ್ಲಾ, ಏಳಿ!"

ಅಂಥ ಚಪ್ಪಾಳೆ ಆ ಹಾಲ್ ಕೇಳಿರಲಿಲ್ಲ. ಮರುದಿನ ಸದಸ್ಯರೊಬ್ಬರು ಇವರ ಕೈ ಹಿಡಿದು, "ನಿನ್ನೆ ಬಾರದೆ ದೊಡ್ಡ ಉಪಕಾರ ಮಾಡಿದ್ರಿ ಅಧ್ಯಕ್ಷರೇ" ಎಂದರು. ಇವರು ಥ್ಯಾಂಕ್ಸ್ ಹೇಳಿದರು.

ಮಹಾಸಭೆ

ಅಂತೂ ಅವಧಿ ಮುಗಿಯಿತು. ಇವತ್ತಿಗೆ ಖಲಾಸ್ ಎಂದು ನಾನು ಇಸ್ತ್ರಿ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತಿದ್ದೆ. "ಹೊಸ ಅಧ್ಯಕ್ಷರ ಹೆಸರು ಸೂಚಿಸಿ" ಎಂದು ಕಾರ್ಯದರ್ಶಿ ಕೇಳಿದ್ದೇ ತಡ, ಎಲ್ಲರೂ ಮೊಬೈಲು ನೋಡತೊಡಗಿದರು. ಇವರಂತೂ ವೇದಿಕೆಯ ಮೇಲೆ ಅರೆನಿದ್ದೆಯಲ್ಲಿದ್ದರು.

ಆಗ ರೂವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಎಲ್ಲರೂ ಕಾಕ ಎಂದು ಕರೆಯುವ, ನಮ್ಮ ಕರಾವಳಿಯವರೇ ಆದ ಹಿರಿಯ ಬ್ಯಾರಿಗಳು ಎದ್ದು ನಿಂತರು. ನೇರ ನನ್ನ ಕಡೆ ನೋಡಿದರು. ಬೇಡ ಬೇಡ ಎಂದುಕೊಂಡರೂ, ಒಳಗೊಳಗೇ ಒಂದು ಆಸೆ: ನನ್ನ ಹೆಸರನ್ನೇ ಹೇಳುತ್ತಾರೋ ಏನೋ! ಕೂತಲ್ಲೇ ಸೆರಗು ಸರಿಮಾಡಿಕೊಂಡೆ.

ಕಾಕ ಗಂಟಲು ಸರಿಮಾಡಿಕೊಂಡರು. "ನೋಡಿ, ಅಧ್ಯಕ್ಷರು ಯಾರು ಬೇಕಾದ್ರೂ ಆಗ್ಲಿ, ನಮಗೆ ತಕರಾರಿಲ್ಲ. ಆದ್ರೆ ಅಧ್ಯಕ್ಷರ ಹೆಂಡತಿ ಮಾತ್ರ ಈ ಅಕ್ಕನೇ ಇರ್ಬೇಕು!"

ಸಭೆ ಗಪ್‌ಚಿಪ್. ಆ ನಿಶ್ಶಬ್ದಕ್ಕೆ ಎಚ್ಚರವಾಗಿ, ಏನು ಎತ್ತ ಎಂದು ಕೇಳದೆ, ಅಭ್ಯಾಸಬಲದಿಂದ ಒಬ್ಬರು ವೇದಿಕೆಯ ಮೇಲಿಂದ ಕೈ ಎತ್ತಿದರು.

"ನಾನು ಅನುಮೋದಿಸುತ್ತೇನೆ" ಎಂದರು ನನ್ನ ಗಂಡ.