ಗಡ್ಡನೋ ಗಿಡ್ಡನೋ

ಒಂದು ಬಾದಾಮಿ ಇಡೀ ದೇಶವನ್ನು ಕುಣಿಸಬಹುದು, ಜೊತೆಗೆ ತಮ್ಮನ್ನೂ ಕುಣಿಸಬಹುದು ಎಂದು ಆ ದಂತವೈದ್ಯರು ಕನಸಿನಲ್ಲೂ ಎಣಿಸಿರಲಿಲ್ಲ. ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರು ಬೆಳಿಗ್ಗೆ ಪೇಪರ್ ಓದುತ್ತಾ ಚಿಪ್ಪು ಬಿಡಿಸದ ಬಾದಾಮಿಯನ್ನು ಬಾಯಿಗೆ ಹಾಕಿ ಕಚ್ಚಿದರು. ಬಾದಾಮಿ ಹಾಗೇ ಉಳಿಯಿತು, ದವಡೆಹಲ್ಲು ಎರಡು ಹೋಳಾಯಿತು. ರಾಷ್ಟ್ರೀಯ ತಂಡದ ಹೊಸ ಮ್ಯಾನೇಜರ್ ಯಾರೆಂದು ಅವರು ಪತ್ರಕರ್ತರ ಮುಂದೆ ಘೋಷಿಸಬೇಕಿದ್ದದ್ದು ಅದೇ ಮಧ್ಯಾಹ್ನ.

ಉಳಿದಿದ್ದ ಹೆಸರುಗಳು ಎರಡೇ. ಒಬ್ಬ ಹಳೆಯ ಗೋಲ್‌ಕೀಪರ್. ಎದೆಯವರೆಗೆ ಇಳಿಬಿದ್ದ ಗಡ್ಡದಿಂದಾಗಿ ಜನ ಅವನನ್ನು ಪ್ರೀತಿಯಿಂದ ‘ಗಡ್ಡ’ ಎಂದೇ ಕರೆಯುತ್ತಿದ್ದರು. ಗೋಲು ಹೊಡೆಯದಿದ್ದರೂ ಪರವಾಗಿಲ್ಲ, ಹೊಡೆಸಿಕೊಳ್ಳಬಾರದು ಎನ್ನುವುದು ಅವನ ಪಾಠ. ಇನ್ನೊಬ್ಬ ಹಳೆಯ ಮುಂಚೂಣಿ ಆಟಗಾರ, ಎದುರಾಳಿಗಳ ಕಂಕುಳ ಕೆಳಗೆ ನುಸುಳಿ ಹೋಗುವಷ್ಟು ಕುಳ್ಳ. ಅವನು ‘ಗಿಡ್ಡ’. ಮೂರು ಹೊಡೆಸಿಕೊಂಡರೂ ಸರಿ, ನಾಲ್ಕು ಹೊಡಿ ಎನ್ನುವವನು. ಊರು ಗಡ್ಡನವರು, ಗಿಡ್ಡನವರು ಎಂದು ಸೀಳಿಹೋಗಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವ ಮುಂಚೆ ಜನ ಅದನ್ನೇ ವಿಚಾರಿಸುತ್ತಿದ್ದರು.

ಡಾಕ್ಟರಿಗೆ ಈ ಆಟದ ತಲೆಬುಡ ಗೊತ್ತಿರಲಿಲ್ಲ. ಗೋಲು ಬಿದ್ದಾಗ ಆಟಗಾರರು ಒಬ್ಬರ ಮೇಲೊಬ್ಬರು ಬೀಳುವುದನ್ನು ಟಿವಿಯಲ್ಲಿ ಕಂಡರೆ ಯಾರ ಹಲ್ಲು ಮುರಿಯಿತೋ ಎಂದು ಹೆದರುತ್ತಿದ್ದರು, ಅಷ್ಟೇ. ಆದರೆ ಸುಮ್ಮನಿರಲು ಬಿಡುವವರು ಯಾರು? ಮನೆಯಲ್ಲಿದ್ದ ಮಾವ ಗಿಡ್ಡನ ಕಡೆಯವರು, ಅವನ ಹೆಸರೆತ್ತಿದರೆ ಕಣ್ಣಲ್ಲಿ ನೀರು. ಕ್ಲಿನಿಕ್ ಇದ್ದ ಕಟ್ಟಡದ ಮಾಲೀಕರು ಕೆಳಗಿನ ಔಷಧಿ ಅಂಗಡಿಯವರು. ಅವರು ಗಡ್ಡನ ಕಡೆ. ಕಟ್ಟಡದ ನೀರಿನ ಪಂಪಿನ ಸ್ವಿಚ್ಚು ಅವರ ಅಂಗಡಿಯೊಳಗಿತ್ತು. ನೀರಿಲ್ಲದೆ ಹಲ್ಲಿನ ವೈದ್ಯ ಏನು ಮಾಡಿಯಾನು?

ಹೀಗಿರುವಾಗ ಅಧ್ಯಕ್ಷರು ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ಕಾರ್ಯದರ್ಶಿಯ ಭುಜ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹಲ್ಲು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಎರಡೂ ಹೋಳುಗಳನ್ನು ಕಿತ್ತು, ಹತ್ತಿಯ ಉಂಡೆಯೊಂದನ್ನು ಇಟ್ಟು ಹೇಳಿದರು: “ಗಟ್ಟಿಯಾಗಿ ಕಚ್ಕೊಳ್ಳಿ ಸರ್. ಸಂಜೆವರೆಗೂ ಬಾಯಿ ಬಿಡಬೇಡಿ.”

ಕಾರ್ಯದರ್ಶಿಯ ಮುಖ ಬಿಳಿಚಿತು. “ಸಂಜೆವರೆಗೂ? ಇನ್ನೊಂದು ಗಂಟೇಲಿ ಹೆಸರು ಹೇಳ್ಬೇಕಲ್ರೀ! ಹೆಸರು ಇವರ ತಲೇಲಿದೆ. ಹೋದ ಸಲ ಚೀಟೀಲಿ ಬರೆದಿಟ್ಟು, ಅದು ಮೊದಲೇ ಪತ್ರಿಕೆಯವರ ಕೈ ಸೇರಿ ಮರ್ಯಾದೆ ಹೋಯ್ತು. ಈ ಸಲ ನನ್ನ ಬಾಯಿಂದಲೇ ಹೇಳ್ತೀನಿ, ಕಾಗದ ಮುಟ್ಟಲ್ಲ ಅಂತ ಟಿವೀಲಿ ಆಣೆ ಇಟ್ಟಿದ್ದಾರೆ.”

ಆಗ ಅಧ್ಯಕ್ಷರು ಏನೋ ಅಂದರು. “ಹ್ಯಾನ್ ಸೊಲ್ಹ ಕಂಇ ಆಡು.”

ಕಾರ್ಯದರ್ಶಿ ಕಣ್ಣು ಕಣ್ಣು ಬಿಟ್ಟ. ಡಾಕ್ಟರು ಕೈ ತೊಳೆಯುತ್ತಲೇ, “ಫ್ಯಾನ್ ಸ್ವಲ್ಪ ಕಡಿಮೆ ಮಾಡು ಅಂತಿದ್ದಾರೆ,” ಎಂದರು.

ಅಧ್ಯಕ್ಷರು ಹೌದೆಂದು ತಲೆ ಆಡಿಸಿದರು. ಬಾಯಿ ತುಂಬ ಹತ್ತಿ ತುರುಕಿ ಆಮೇಲೆ ಕುಶಲ ವಿಚಾರಿಸುವುದು ದಂತವೈದ್ಯರ ಅಭ್ಯಾಸ. ಎಷ್ಟೋ ವರ್ಷಗಳಿಂದ ಅಂಥ ಉತ್ತರಗಳನ್ನು ಕೇಳಿ ಕೇಳಿ ಅವರಿಗೆ ಅದು ಮಾತೃಭಾಷೆಯಷ್ಟೇ ಸಲೀಸಾಗಿತ್ತು. “ಹತ್ತಿ ಇಟ್ಕೊಂಡೋರ ಮಾತೆಲ್ಲ ನಿಮಗೆ ತಿಳಿಯತ್ತೆ. ನಾನು ಬಿಡಿಸಿ ಬಿಡಿಸಿ ಹೇಳಿದ್ರೂ ತಿಳಿಯಲ್ಲ,” ಎಂದು ಹೆಂಡತಿ ಆಗಾಗ ಗೊಣಗುವುದೂ ಇತ್ತು.

ಕಾರ್ಯದರ್ಶಿ ಡಾಕ್ಟರ ಎರಡೂ ಕೈ ಹಿಡಿದುಕೊಂಡ. “ನೀವು ನಮ್ಮ ಜೊತೆ ಬರ್ಬೇಕು ಡಾಕ್ಟ್ರೇ. ಅವರು ಹೇಳಿದ್ದನ್ನ ನೀವು ಮೈಕಲ್ಲಿ ಹೇಳಿ ಸಾಕು.”

“ನಾನಾ? ನನಗೆ ಫುಟ್‌ಬಾಲ್ ಅಂದ್ರೆ...”

“ಗೊತ್ತಿಲ್ದೇ ಇರೋದೇ ಒಳ್ಳೇದು!”

ಸುದ್ದಿ ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿತ್ತು. ಡಾಕ್ಟರು ಬಿಳಿಕೋಟಿನಲ್ಲೇ ಹೊರಬಂದರೆ ಔಷಧಿ ಅಂಗಡಿಯವರು ಹತ್ತಿಯ ದೊಡ್ಡ ಕಟ್ಟು ಹಿಡಿದು ನಿಂತಿದ್ದರು. “ದಾರೀಲಿ ಬೇಕಾಗಬಹುದು, ನಾನೂ ಬರ್ತೀನಿ,” ಎಂದು ಕಾರಿನೊಳಗೆ ತೂರಿಕೊಂಡು, ಡಾಕ್ಟರ ಕಿವಿಯಲ್ಲಿ, “ಪಂಪು ಯಾಕೋ ಸದ್ದು ಮಾಡ್ತಿದೆ ಡಾಕ್ಟ್ರೇ. ಗಡ್ಡ ಬಂದ್ರೆ ಸರಿಹೋಗತ್ತೆ ಅನ್ಸತ್ತೆ,” ಎಂದರು.

ಸುದ್ದಿ ಕೇಳಿ ಮನೆಯಿಂದ ಓಡಿಬಂದಿದ್ದ ಮಾವ ಇನ್ನೊಂದು ಬಾಗಿಲಿನಿಂದ ಹತ್ತಿದರು. ಅಳಿಯನ ಚೀಲವನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದರು. “ಅಳಿಯಂದ್ರೇ, ನಾನು ನಿಮ್ಮನ್ನ ಈವರೆಗೆ ಏನೂ ಕೇಳಿಲ್ಲ. ಮಗಳನ್ನ ಕೊಟ್ಟಿದ್ದೀನಿ, ಅಷ್ಟು ನೆನಪಿರ್ಲಿ.”

“ಮಾವ, ನಾನು ಆರಿಸೋದಲ್ಲ. ಅವರು ಹೇಳಿದ್ದನ್ನ ಹೇಳೋದು.”

“ಅವರು ಹೇಳೋದು ಗಿಡ್ಡ ಅಂತಾನೇ. ನೀವು ಸರಿಯಾಗಿ ಕೇಳಿಸ್ಕೊಳ್ಳಿ.”

ಡಾಕ್ಟರು ಇಬ್ಬರ ನಡುವೆ ಇಕ್ಕಳದಲ್ಲಿ ಸಿಕ್ಕ ಹಲ್ಲಿನಂತೆ ಕೂತರು. ಆಗ ಅವರಿಗೆ ಒಂದು ಸಂಗತಿ ಹೊಳೆಯಿತು. ಹಲ್ಲು ಕಚ್ಚಿ ಹಿಡಿದ ಮನುಷ್ಯ ‘ಗಡ್ಡ’ ಎಂದರೂ ಒಂದೇ, ‘ಗಿಡ್ಡ’ ಎಂದರೂ ಒಂದೇ! ಅವರು ತುಟಿ ಬಿಗಿದು ಎರಡನ್ನೂ ಮೆಲ್ಲಗೆ ಅಂದು ನೋಡಿದರು. ಎರಡೂ ಒಂದೇ ತಾಯಿಯ ಅವಳಿ ಮಕ್ಕಳಂತೆ ಹೊರಬಂದವು.

ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಗಡೆ ಗಡ್ಡನವರು, ಬಲಗಡೆ ಗಿಡ್ಡನವರು, ನಡುವೆ ಕ್ಯಾಮೆರಾಗಳು. ಕಾರ್ಯದರ್ಶಿ ಪರಿಸ್ಥಿತಿ ವಿವರಿಸಿ, “ಅಧ್ಯಕ್ಷರ ಮಾತನ್ನು ಡಾಕ್ಟರು ತಿಳಿಸುತ್ತಾರೆ,” ಎಂದಾಗ ಅಷ್ಟೂ ಕ್ಯಾಮೆರಾಗಳು ಬಿಳಿಕೋಟಿನ ಕಡೆ ಹೊರಳಿದವು. ಮುಂದಿನ ಸಾಲಿನಲ್ಲಿ ಮಾವ ಕೈಮುಗಿದು ಕೂತಿದ್ದರು. ಅವರ ಪಕ್ಕದಲ್ಲೇ ಔಷಧಿ ಅಂಗಡಿಯವರು ಗಾಳಿಯಲ್ಲಿ ಸ್ವಿಚ್ಚೊಂದನ್ನು ಆರಿಸಿ ತೋರಿಸುತ್ತಿದ್ದರು.

ಅಧ್ಯಕ್ಷರು ಎದ್ದು ಮೈಕಿನ ಮುಂದೆ ನಿಂತರು. ಅವರು ಏನೋ ಶುರುಮಾಡಿ ತಟ್ಟನೆ ನಿಲ್ಲಿಸಿ, ಡಾಕ್ಟರ ಕಡೆ ತಿರುಗಿ, ಕಣ್ಣರಳಿಸಿ ಅಂದರು: “ಗ್‌ಡ್ಡ...”

ಡಾಕ್ಟರು ಕಿವಿ ಹತ್ತಿರ ತಂದರು. “ಇನ್ನೊಂದ್ಸಲ ಹೇಳಿ ಸರ್.”

“ಗ್‌ಡ್ಡ! ಗ್‌ಡ್ಡ!” ಎನ್ನುತ್ತಾ ಅಧ್ಯಕ್ಷರು ಈ ಸಲ ಬಲಗೈ ಎತ್ತಿ ಮುಖದ ಕೆಳಭಾಗವನ್ನು ಎರಡೆರಡು ಸಲ ಸವರಿಕೊಂಡರು.

ಡಾಕ್ಟರಿಗೆ ಕತ್ತಲೆಯಲ್ಲಿ ದೀಪ ಹತ್ತಿದಂತಾಯಿತು. ಇಷ್ಟು ಸ್ಪಷ್ಟವಾಗಿ ಸವರಿ ತೋರಿಸಿದ ಮೇಲೆ ಸಂಶಯವೆಲ್ಲಿ? ಮೈಕ್ ಹಿಡಿದು, ಮಾವನ ಕಡೆ ನೋಡದೆ, ಕೂಗಿಯೇಬಿಟ್ಟರು: “ಗಡ್ಡ!”

ಎಡಗಡೆಯ ಅರ್ಧ ಸಭಾಂಗಣ ಮೇಲಕ್ಕೆ ನೆಗೆಯಿತು. ಔಷಧಿ ಅಂಗಡಿಯವರು ಹತ್ತಿಯ ಕಟ್ಟನ್ನು ಹರಿದು ಹೂವಿನಂತೆ ತೂರಿದರು. ಅಧ್ಯಕ್ಷರು ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸುತ್ತಾ, “ಅಹ್ಹಾ! ಅಹ್ಹಾ!” ಎಂದು ಕೂಗಿದರು. ಅವರ ಸಂತೋಷ ಕಂಡು ಜನ ಇನ್ನಷ್ಟು ಕುಣಿದರು. ಮಾವ ಮಾತ್ರ ಎದ್ದು ಬಂದು ಚೀಲವನ್ನು ಅಳಿಯನ ಕಾಲ ಬಳಿ ಇಟ್ಟು, “ಬರ್ತೀನಿ ಡಾಕ್ಟ್ರೇ,” ಎಂದು ಹೊರಟುಹೋದರು. ಅವರ ಬಾಯಲ್ಲಿ ‘ಡಾಕ್ಟ್ರೇ’ ಎಂಬ ಪದ ಅಳಿಯನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಸಂಜೆ ಕ್ಲಿನಿಕ್ಕಿನ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಹೆಂಡತಿಯ ಫೋನೂ ಬಂತು. “ರೀ, ಅಪ್ಪ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನೀವು ಬಂದು ಸಮಾಧಾನ ಮಾಡೋದಾದ್ರೆ ಬನ್ನಿ, ಇಲ್ದಿದ್ರೆ ಅಲ್ಲೇ ಇರಿ.” ಡಾಕ್ಟರು ಅಲ್ಲೇ ಇರುವುದೆಂದು ನಿಶ್ಚಯಿಸುವಷ್ಟರಲ್ಲಿ ಅಧ್ಯಕ್ಷರು ಒಬ್ಬರೇ ಒಳಗೆ ಬಂದರು. ಜೋಮು ಇಳಿದಿತ್ತು, ಮಾತು ಗಂಟೆ ಹೊಡೆದಂತಿತ್ತು.

“ಡಾಕ್ಟ್ರೇ, ನಾನು ಹೇಳಿದ್ದು ಗಡ್ಡ ಅಲ್ಲ.”

ಡಾಕ್ಟರ ಕೈಯಲ್ಲಿದ್ದ ಕನ್ನಡಿ ಬೇಸಿನ್ನಿಗೆ ಬಿತ್ತು. “ಅಯ್ಯೋ! ಗಿಡ್ಡ ಅಂದ್ರಾ ಸರ್?”

“ಗಿಡ್ಡನೂ ಅಲ್ಲ. ಗದ್ದ! ಗದ್ದ ಕಲ್ಲಾಗಿ ಹೋಗಿತ್ತು. ಇದೆಯೋ ಬಿದ್ದುಹೋಯ್ತೋ ತಿಳೀತಿರ್ಲಿಲ್ಲ. ಮುಟ್ಟಿ ಮುಟ್ಟಿ ತೋರಿಸಿದ್ನಲ್ರೀ! ಆಮೇಲೂ ‘ಅಲ್ಲ, ಅಲ್ಲ’ ಅಂತ ಕೈ ಬೀಸಿ ಕೂಗಿದ್ನಲ್ರೀ! ಹಲ್ಲಿನ ಡಾಕ್ಟ್ರಿಗೇ ಗದ್ದ ತಿಳಿಯದಿದ್ರೆ ಹೇಗೆ?”

“ಹಾಗಾದ್ರೆ... ನಿಮ್ಮ ತಲೇಲಿದ್ದ ಹೆಸರು?”

ಅಧ್ಯಕ್ಷರು ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದರು. “ಯಾವ್ದೂ ಇರ್ಲಿಲ್ಲ. ಒಬ್ಬನ್ನ ಆರಿಸಿದ್ರೆ ಅರ್ಧ ದೇಶ ಹೊಡೆಯತ್ತೆ, ಇನ್ನೊಬ್ಬನ್ನ ಆರಿಸಿದ್ರೆ ಉಳಿದರ್ಧ. ಹಲ್ಲಿನ ನೆಪ ಹೇಳಿ ಮುಂದಕ್ಕೆ ಹಾಕೋಣ ಅಂತಲೇ ಮೈಕ್ ಮುಂದೆ ನಿಂತಿದ್ದೆ.”

“ತಪ್ಪಾಯ್ತು ಸರ್. ಈಗಲೇ ಟಿವಿಯವ್ರನ್ನ ಕರೆದು ನಿಜ ಹೇಳಿಬಿಡ್ತೀನಿ.”

“ಛೆ, ಛೆ! ನನ್ನ ತಲೆ ಮೇಲಿನ ಬಂಡೆ ಇಳಿಸಿದ್ದೀರಿ, ಅದನ್ಯಾಕೆ ಹಾಳು ಮಾಡ್ತೀರಿ?” ಅಧ್ಯಕ್ಷರು ಡಾಕ್ಟರ ಬೆನ್ನು ತಟ್ಟಿದರು. ಎಷ್ಟೋ ದಿನಗಳ ನಿದ್ದೆ ಒಟ್ಟಿಗೇ ಸಿಕ್ಕವರ ಹಾಗೆ ಅವರ ಮುಖ ಅರಳಿತ್ತು. “ತಂಡ ಗೆದ್ರೆ, ಗಡ್ಡನ್ನ ಆರಿಸಿದ್ದು ನಾನು. ಸೋತ್ರೆ, ಡಾಕ್ಟ್ರು ತಪ್ಪಾಗಿ ಕೇಳಿಸ್ಕೊಂಡ್ರು.”

ಡಾಕ್ಟರಿಗೆ ಅದು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ, ಜೀವನದಲ್ಲಿ ಮೊಟ್ಟಮೊದಲ ಬಾರಿಗೆ ಅವರು ಫುಟ್‌ಬಾಲಿನ ಬಗ್ಗೆ ಒಂದು ಪ್ರಶ್ನೆ ಕೇಳಿದರು.

“ಸರ್, ಮೊದಲನೇ ಪಂದ್ಯ ಯಾರ ಮೇಲೆ?”

ಅಧ್ಯಕ್ಷರು ಹೊಸಿಲು ದಾಟುತ್ತಾ ತಿರುಗಿ ನಕ್ಕರು. “ವಿಶ್ವ ಚಾಂಪಿಯನ್ನರ ಮೇಲೆ. ಅದೂ ಅವರ ಮೈದಾನದಲ್ಲಿ.”

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅದು ಹಾಗೇ ತೆರೆದುಕೊಂಡೇ ಇತ್ತು. ಮೆಲ್ಲಗೆ ಹಿಂದೆ ಸರಿದು, ರೋಗಿಗಳ ಕುರ್ಚಿಯಲ್ಲಿ ಕೂತು ಒರಗಿಕೊಂಡರು.